ತೋಡಿಗೆ ಕಟ್ಟ ಹಾಕಿದ ವರ್ಷ

ನಮ್ಮ ಮನೆಯ ಹಿಂದೆ ಒಂದು ತೋಡು ಹರಿಯುತ್ತದೆ. ಹರಿಯುತ್ತದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಮಳೆಗಾಲ ಬಿಟ್ಟರೆ ಅದು ತೆವಳುತ್ತದೆ, ಕೆಲವು ಕಡೆ ಸುಮ್ಮನೆ ಬಿದ್ದುಕೊಂಡಿರುತ್ತದೆ. ಬಂಟ್ವಾಳ ಪೇಟೆಯ ನಡುವಿನಿಂದ ಇಳಿದು ನೇತ್ರಾವತಿಗೆ ಸೇರುವ ಸಣ್ಣ ಹಳ್ಳ ಅದು. ಅದಕ್ಕೊಂದು ಕಿರುಸೇತುವೆ. ಸೇತುವೆ ದಾಟುವವರೆಲ್ಲ ಮೂಗಿಗೆ ಬಟ್ಟೆ ಹಿಡಿಯುತ್ತಾರೆ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರೆ, ಹಿಡಿದ ಮೂಗಿನಿಂದಲೇ "ಊಟ ಆಯ್ತಾ ಅಕ್ಕ?" ಎಂದು ಕೇಳುತ್ತಾರೆ. ಆಯಿತು ಎನ್ನುತ್ತೇನೆ. ಮೂಗು ಯಾಕೆ ಹಿಡಿದಿರಿ ಎಂದು ನಾನು ಕೇಳುವುದಿಲ್ಲ, ಯಾಕೆ ಹೀಗೆ ನಾರುತ್ತದೆ ಎಂದು ಅವರು ಕೇಳುವುದಿಲ್ಲ. ಇದು ನಮ್ಮ ಊರಿನ ಮರ್ಯಾದೆ. ಈ ಮರ್ಯಾದೆಯ ಮೇಲೆ ನನಗೀಗ ಕೆಟ್ಟ ಸಿಟ್ಟಿದೆ.

ನಾನು ಹುಟ್ಟಿದ್ದು ಬೆಳ್ತಂಗಡಿ ದಾಟಿ ಕಕ್ಕಿಂಜೆಯ ಕಡೆ. ಚಾರ್ಮಾಡಿ ಘಟ್ಟದಿಂದ ಇಳಿಯುವ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು ಬೆಳೆದವಳು. ಪೇಟೆಗೆ ಮದುವೆ ಮಾಡಿ ಕೊಡುವಾಗ ನನ್ನ ಅಮ್ಮನಿಗಿದ್ದ ಚಿಂತೆ ಒಂದೇ, ಅಲ್ಲಿಯ ನೀರು ಹೇಗೋ ಏನೋ ಎಂದು. ಮಾತುಕತೆಗೆ ಬಂದ ದಿನ ಅಮ್ಮ ಈ ಮನೆಯ ಜಗಲಿಯಲ್ಲಿ ಕುಳಿತು, ಬೆಲ್ಲ ಕಚ್ಚಿ, ಚೊಂಬಿನ ನೀರನ್ನು ಪೂರ್ತಿ ಕುಡಿದು, ಪಕ್ಕದಲ್ಲಿದ್ದ ದೊಡ್ಡಮ್ಮನ ಕಡೆ ನೋಡಿ ತಲೆಯಾಡಿಸಿದರಂತೆ. ಹುಡುಗ ಇನ್ನೂ ಹೊರಗೆ ಬಂದಿರಲಿಲ್ಲ. "ನಿನ್ನ ಅಮ್ಮ ಒಪ್ಪಿದ್ದು ಬಾವಿಯನ್ನು, ನನ್ನನ್ನಲ್ಲ" ಎಂದು ನಮ್ಮವರು ಈಗಲೂ ಹೇಳುವುದುಂಟು.

ಬೆಲ್ಲ ನೀರಿನ ವಿಷಯ ಹೇಳಬೇಕು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬು ನೀರು. ಚಾ, ಕಾಫಿ, ಬಂದ ಕೆಲಸ, ಎಲ್ಲ ಅದರ ನಂತರ. ಬೆಲ್ಲ ಅಂಗಡಿಯದ್ದಾದರೂ ನಡೆಯುತ್ತದೆ, ನೀರು ಮಾತ್ರ ಮನೆಯ ಬಾವಿಯದ್ದೇ ಆಗಬೇಕು. ನೀರನ್ನು ಮುಟ್ಟದೆ ಎದ್ದು ಹೋಗುವುದು ಜಗಳ ಕಾಯಲು ಬಂದವರು ಮಾತ್ರ. ಈ ಮನೆಗೆ ಬಂದ ಮೇಲೆ ಎಷ್ಟು ಜನರಿಗೆ ನಾನು ಆ ತಟ್ಟೆ ಹಿಡಿದಿದ್ದೇನೋ ಲೆಕ್ಕವಿಲ್ಲ. ಕುಡಿದವರೆಲ್ಲ "ನಿಮ್ಮ ನೀರು ಒಳ್ಳೇದುಂಟು ಅಕ್ಕ" ಎಂದೇ ಹೇಳುತ್ತಿದ್ದರು. ನನ್ನ ಅಡುಗೆಯನ್ನು ಯಾರೂ ಹಾಗೆ ಹೊಗಳಿದ್ದಿಲ್ಲ.

ಸೇತುವೆಯ ಪಕ್ಕದ ಹೋಟೆಲಿನವರೂ ಹಾಗೆ ಹೇಳಿದವರೇ. ಅವರು ಮೊದಲು ಅಲ್ಲಿ ತಗಡಿನ ಮಾಡಿನ ಕೆಳಗೆ ಚಾದ ಅಂಗಡಿ ಇಟ್ಟಾಗ ಅವರಿಗೆ ಬಾವಿ ಇರಲಿಲ್ಲ. ಬೆಳಗಾದರೆ ಎರಡು ಕೊಡಪಾನ ಹಿಡಿದು ನಮ್ಮ ಹಿತ್ತಲಿಗೆ ಬರುತ್ತಿದ್ದರು. "ನಿಮ್ಮ ನೀರಲ್ಲಿ ಚಾ ಮಾಡಿದ್ರೆ ಜನ ಮತ್ತೆ ಬರ್ತಾರೆ ಅಕ್ಕ" ಎನ್ನುತ್ತಿದ್ದರು. ಜನ ಬಂದರು. ತಗಡಿನ ಮಾಡು ಹೋಗಿ ತಾರಸಿ ಬಂತು, ತಾರಸಿಯ ಮೇಲೆ ಇನ್ನೊಂದು ಮಾಳಿಗೆ, ಅದರ ಮೇಲೆ ಹೊರಗಿನವರು ಉಳಿದುಕೊಳ್ಳುವ ಕೋಣೆಗಳು. ನನಗದು ಸಂತೋಷವೇ ಆಗಿತ್ತು. ನಮ್ಮವರು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಪ್ರತಿದಿನ ಗಂಜಿ ಚಟ್ನಿ ಕಳಿಸಿದವರು ಅವರೇ. ಅದನ್ನು ನಾನು ಮರೆಯುವವಳಲ್ಲ. ಮರೆತಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಆಗ ತೋಡಿಗೆ ಪ್ರತಿ ವರ್ಷ ಕಟ್ಟ ಹಾಕುತ್ತಿದ್ದರು. ಮಳೆ ಪೂರ್ತಿ ನಿಂತು ನೀರಿನ ಸೆಳೆತ ಇಳಿದ ಮೇಲೆ ಮೇಲಿನ ಗದ್ದೆಯವರೂ ಕೆಳಗಿನ ಗದ್ದೆಯವರೂ ಸೇರಿ ಅಡಿಕೆ ಮರದ ಗೂಟ ಹೂಳಿ, ಕಲ್ಲು ಜೋಡಿಸಿ, ನಡುವೆ ಸೊಪ್ಪು ಮಣ್ಣು ತುಳಿದು, ನಮ್ಮ ಮನೆಯಿಂದ ಸ್ವಲ್ಪ ಕೆಳಗೆ ತೋಡಿಗೆ ಅಡ್ಡಲಾಗಿ ಗೋಡೆ ಎಬ್ಬಿಸುತ್ತಿದ್ದರು. ಅದರ ಹಿಂದೆ ನೀರು ನಿಲ್ಲುತ್ತಿತ್ತು. ಗದ್ದೆಗೆ ಹೋಗಿ ಉಳಿದದ್ದು ಮೆಲ್ಲಗೆ ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳಿಗೆ ಬರುತ್ತಿತ್ತು. ಕಡುಬೇಸಿಗೆಯಲ್ಲೂ ನಮ್ಮ ರಾಟೆಯ ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಬೇಕಾಗಿ ಬರುತ್ತಿರಲಿಲ್ಲ. ಮಳೆಗಾಲದ ಮೊದಲ ನೆರೆಗೆ ಕಟ್ಟ ತಾನಾಗಿ ಕೊಚ್ಚಿಕೊಂಡು ಹೋಗುತ್ತಿತ್ತು, ಮರುವರ್ಷ ಮತ್ತೆ ಹಾಕುತ್ತಿದ್ದರು. ಯಾರೂ ಅದನ್ನು ಜಲಸಂರಕ್ಷಣೆ ಎಂದು ಕರೆಯಲಿಲ್ಲ. ಗಂಡಸರು ಕಟ್ಟಕ್ಕೆ ಹೋಗಿದ್ದಾರೆ ಎಂದರೆ ಮಧ್ಯಾಹ್ನದ ಊಟ ತಡ ಎಂದಷ್ಟೇ ಅರ್ಥ.

ಆಮೇಲೆ ಗದ್ದೆಗಳಿಗೆ ಕೆಂಪು ಮಣ್ಣು ಬಿತ್ತು, ಮಣ್ಣಿನ ಮೇಲೆ ಕಟ್ಟಡಗಳು ಎದ್ದವು. ಗದ್ದೆಯ ಜೊತೆ ಕಟ್ಟವೂ ಹೋಯಿತು. ಕಟ್ಟಡಗಳ ಹಿಂಬದಿಯೆಲ್ಲ ತೋಡಿನ ಕಡೆಗೇ ಇದ್ದುದರಿಂದ ಪೈಪುಗಳೂ ಅಲ್ಲಿಗೇ ಬಂದವು. ರಸ್ತೆಯ ಕಡೆ ಬಣ್ಣದ ಬೋರ್ಡು, ತೋಡಿನ ಕಡೆ ಪೈಪು. ನೇತ್ರಾವತಿಗೆ ನೆರೆ ಬಂದ ವರ್ಷ ಮಾತ್ರ ಹೊಳೆಯ ನೀರು ಹಿಂದಕ್ಕೇರಿ, ಬಿಟ್ಟದ್ದನ್ನೆಲ್ಲ ಬಿಟ್ಟವರ ಅಂಗಳಕ್ಕೇ ತಂದು ಹಾಕುತ್ತದೆ. ಎರಡು ದಿನ ಎಲ್ಲರೂ ತೋಡಿನ ಬಗ್ಗೆ ಮಾತಾಡುತ್ತಾರೆ. ಅಂಗಳ ತೊಳೆದ ನೀರನ್ನು ಮತ್ತೆ ತೋಡಿಗೇ ಬಿಡುತ್ತಾರೆ.

ಎರಡು ಬೇಸಿಗೆಯಿಂದ ನಮ್ಮ ಬಾವಿಯ ನೀರಿಗೂ ಏನೋ ಒಂದು ಸಣ್ಣ ವಾಸನೆ ಶುರುವಾಗಿತ್ತು. ನಮ್ಮವರಿಗೆ ಹೇಳಿದರೆ "ನಿನ್ನ ಮೂಗಿನದ್ದು" ಎಂದರು. ಅಷ್ಟರಲ್ಲಿ ಮಗಳ ಫೋನು ಬಂತು. ಅವಳನ್ನು ಮೂಡುಬಿದಿರೆಯ ಹತ್ತಿರ ಮಿಜಾರಿಗೆ ಕೊಟ್ಟಿದ್ದೇವೆ, ಅಲ್ಲೇ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಅವಳಿಗೆ ದಿನ ನಿಂತಿತ್ತು. ಬೇಸಿಗೆಯ ಕೊನೆಗೆ ಹೆರಿಗೆ. ಚೊಚ್ಚಲ ಹೆರಿಗೆ, ತವರಿಗೇ ಬರಬೇಕು. ಫೋನು ಇಟ್ಟವಳು ನೇರ ಹೋಗಿ ಬಾವಿಯೊಳಗೆ ಇಣುಕಿದೆ. ಬಾಣಂತಿಗೆ ದಿನಾ ಹಂಡೆ ಹಂಡೆ ಬಿಸಿನೀರು ಬೇಕು, ಮಗುವಿಗೆ ಬೇಕು, ಬಟ್ಟೆಗೆ ಬೇಕು, ಕುಡಿಯಲು ಬೇಕು. ಅಷ್ಟು ಒಳ್ಳೆಯ ನೀರು ಈ ಬಾವಿ ಕೊಡುತ್ತದೆಯೇ? ನನಗೆ ಬೇರೆ ಯಾವ ಚಿಂತೆಯೂ ಇರಲಿಲ್ಲ.

ಅದೇ ಸಮಯಕ್ಕೆ ಊರಿನಲ್ಲಿ ತೋಡು ಸ್ವಚ್ಛ ಮಾಡುವ ಬಳಗ ಹುಟ್ಟಿತು. ನಾನು ಮೊದಲ ಭಾನುವಾರವೇ ಹೋಗಿ ನಿಂತೆ. ಎಲ್ಲರಿಗೂ ಒಂದೇ ಬಣ್ಣದ ಟಿ-ಶರ್ಟು. ಎದೆಯ ಮೇಲೆ "ನಮ್ಮ ತೋಡು ನಮ್ಮ ಹೆಮ್ಮೆ", ಬೆನ್ನಿನ ಮೇಲೆ ಆ ಹೋಟೆಲಿನ ಹೆಸರು. ಸೀರೆಯ ಮೇಲೆಯೇ ಹಾಕಿಕೊಂಡೆ. ನಾವು ಎತ್ತದ ವಸ್ತುವಿಲ್ಲ. ಕೋಳಿ ಅಂಗಡಿಯ ಗೋಣಿ, ಮಕ್ಕಳ ಪ್ಯಾಂಪರ್ಸು, ಮದುವೆ ಹಾಲ್‌ನ ಪ್ಲಾಸ್ಟಿಕ್ ಲೋಟಗಳು, ಒಂದು ಇಡೀ ಹಾಸಿಗೆ. ಹಳೆಯ ದೇವರ ಪಟಗಳಂತೂ ರಾಶಿ ರಾಶಿ. ದೇವರ ಪಟವನ್ನು ಕಸಕ್ಕೆ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹರಿಯುವ ನೀರು ಅದಲ್ಲ ಎಂದು ಯಾರಿಗೂ ಗೊತ್ತಿಲ್ಲ. ಕೋಳಿಯ ಕರುಳು ಸುತ್ತಿಕೊಂಡ ಲಕ್ಷ್ಮಿಯ ಪಟವನ್ನು ಬಿಡಿಸಿ ತೊಳೆದಾಗ ನನಗೆ ಅಳು ಬಂತು. ಪಕ್ಕದಲ್ಲಿದ್ದವರು ಅದರ ಫೋಟೋ ಹೊಡೆದರು.

ಒಂದು ವಾರ ಸ್ವಚ್ಛ ಮಾಡಿದ ಜಾಗಕ್ಕೆ ಮುಂದಿನ ವಾರ ಮತ್ತೆ ಕಸ. ಬೈಕಿನಲ್ಲಿ ಬಂದು ಸೇತುವೆಯಿಂದ ಎಸೆದು ಹೋಗುತ್ತಿದ್ದರು. ಕೊನೆಗೆ ಬಳಗದವರು ದೈವದ ಬೋರ್ಡು ಹಾಕಿದರು: ಇಲ್ಲಿ ಕಸ ಹಾಕಿದವರನ್ನು ದೈವವೇ ನೋಡಿಕೊಳ್ಳುತ್ತದೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಕಾನೂನು ಇಲ್ಲ. ಮರುದಿನದಿಂದ ಬೋರ್ಡಿನ ಕೆಳಗೆ ಒಂದು ಕಾಗದದ ಚೂರೂ ಬೀಳಲಿಲ್ಲ. ನಾವೆಲ್ಲ ಬೀಗಿದೆವು. ಆಮೇಲೆ ನೋಡಿದರೆ ಸೇತುವೆಯ ಆಚೆ ತುದಿಯಲ್ಲಿ, ಬೋರ್ಡು ಕಾಣದ ತಿರುವಿನಲ್ಲಿ, ಅಷ್ಟೂ ಕಸ ಬಿದ್ದಿತ್ತು. "ದೈವಕ್ಕೂ ಕನ್ನಡಕ ಬೇಕಾ ಏನೋ" ಎಂದರು ನಮ್ಮವರು. ಬಾಯಿ ಮುಚ್ಚಿ ಎಂದು ಗದರಿಸಿ ಕೆನ್ನೆಗೆ ಹೊಡೆದುಕೊಂಡೆ. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಕಸ ಹಾಕುವುದನ್ನು ನಾವು ಬಿಡುವುದಿಲ್ಲ, ಒಂದಿಷ್ಟು ಆಚೆ ಹಾಕುತ್ತೇವೆ.

ಇನ್ನು ಪೈಪಿನ ವಿಷಯ. ಹೋಟೆಲಿನ ಹಿಂದಿನ ಕಲ್ಲಿನ ಗೋಡೆಯಿಂದ ಒಂದು ಬೂದು ಬಣ್ಣದ ಪೈಪು ಹೊರಗೆ ಬರುತ್ತದೆ, ತೊಡೆಯಷ್ಟು ದಪ್ಪ. ಅಡುಗೆಮನೆಯ ಎಣ್ಣೆನೀರು, ಪಾತ್ರೆ ತೊಳೆದದ್ದು, ಮೇಲಿನ ಕೋಣೆಗಳದ್ದು, ಎಲ್ಲ ಅಲ್ಲಿಂದಲೇ. ಪೇಟೆಯಲ್ಲಿ ಬೇರೆ ಪೈಪುಗಳಿಲ್ಲ ಎಂದಲ್ಲ. ಆದರೆ ಅಷ್ಟು ದೊಡ್ಡದು, ನಮ್ಮ ಬಾವಿಗೆ ಅಷ್ಟು ಹತ್ತಿರದ್ದು, ಇನ್ನೊಂದಿಲ್ಲ. ನಾವು ಭಾನುವಾರ ಪೈಪಿನ ಮೇಲ್ಗಡೆ ಸ್ವಚ್ಛ ಮಾಡುತ್ತಿದ್ದೆವು, ಕೆಳಗಡೆ ಸ್ವಚ್ಛ ಮಾಡುತ್ತಿದ್ದೆವು, ಪೈಪಿನ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಕೇಳಿದರೆ "ಅಲ್ಲಿ ಕಲ್ಲು ಜಾರ್ತದೆ ಅಕ್ಕ" ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಎಲ್ಲರಿಗೂ ಅದೇ ಹೋಟೆಲಿನಲ್ಲಿ ಪುಕ್ಕಟೆ ಬನ್ಸ್ ಮತ್ತು ಚಾ. ಹೋಟೆಲಿನವರೇ ನಿಂತು ಬಡಿಸುತ್ತಿದ್ದರು. ನಾವು ತಿಂದ ತಟ್ಟೆ ತೊಳೆದ ನೀರು ನಾವು ಆಗಷ್ಟೇ ಹತ್ತಿ ಬಂದ ತೋಡಿಗೆ ಬೀಳುವ ಸದ್ದು ಊಟದ ಮೇಜಿಗೇ ಕೇಳಿಸುತ್ತಿತ್ತು.

ಒಂದು ದಿನ ಬಳಗದ ಅಧ್ಯಕ್ಷರ ಕಿವಿಯಲ್ಲಿ ಹೇಳಿದೆ. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಒಳ್ಳೆಯವರೇ.

"ಆ ಪೈಪಿನದ್ದು ಎಂಥದಾದ್ರೂ ಮಾಡ್ಬೇಕಲ್ವಾ?"

"ಅದು ಮತ್ತೆ ನೋಡುವ ಅಕ್ಕ. ಈಗ ಬನ್ಸ್ ತಣಿತದೆ, ತಿನ್ನಿ."

ಬಳಗಕ್ಕೆ ದೊಡ್ಡದೇನಾದರೂ ಮಾಡಬೇಕು ಎನ್ನಿಸಿತು. ಯಾರೋ ಕಟ್ಟದ ನೆನಪು ತೆಗೆದರು. ಮೊದಲೆಲ್ಲ ಇಲ್ಲಿ ಕಟ್ಟ ಇತ್ತಲ್ಲ, ಬಾವಿಗಳೆಲ್ಲ ತುಂಬಿರುತ್ತಿದ್ದವಲ್ಲ, ಈ ವರ್ಷ ಮತ್ತೆ ಹಾಕುವ. ಎಲ್ಲರ ಮುಖವೂ ಅರಳಿತು. ನನ್ನದು ಎಲ್ಲರಿಗಿಂತ ಹೆಚ್ಚು. ಕಟ್ಟ ಹಾಕಿದರೆ ಬಾವಿ ತುಂಬುತ್ತದೆ, ಬಾವಿ ತುಂಬಿದರೆ ಮಗಳ ಬಾಣಂತನ ಆಗುತ್ತದೆ. ನಮಗೆ ಕಟ್ಟ ಎಂದರೆ ಒಳ್ಳೆಯದು. ಅಮ್ಮ ಎಂದರೆ, ಹಾಲು ಎಂದರೆ ಹೇಗೋ ಹಾಗೆ, ಅದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಹಿಂದೆ ಕಟ್ಟ ಹಾಕುವಾಗ ತೋಡಿನ ಮೇಲ್ಗಡೆ ಗದ್ದೆ ಇತ್ತು, ಈಗ ಅಲ್ಲಿ ಪೇಟೆ ಇದೆ ಎಂದು ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮಣ್ಣಿನ ಬುಟ್ಟಿ ಹೊರುವಾಗ ನನಗೂ ಹೊಳೆಯಲಿಲ್ಲ.

ಹಳೆಯ ಜಾಗದಲ್ಲೇ ಹಾಕಿದೆವು. ಗೂಟಕ್ಕೆ ಅಡಿಕೆ ಮರ ಬಂತು, ಕಲ್ಲಿನ ಬದಲು ಮರಳು ತುಂಬಿದ ಸಿಮೆಂಟಿನ ಚೀಲ. ಸೊಪ್ಪು ತುಳಿಯುವುದು ಗೊತ್ತಿದ್ದವರು ತುಳಿದರು, ಗೊತ್ತಿಲ್ಲದವರು ಅವರನ್ನು ನೋಡಿ ತುಳಿದರು. ತೆಂಗಿನಕಾಯಿ ಒಡೆದರು. ಹೋಟೆಲಿನಿಂದ ಗೋಳಿಬಜೆ ಬಂತು. ಪೇಪರಿನಲ್ಲಿ ಫೋಟೋ ಬಂತು, ಅದರಲ್ಲಿ ನನ್ನ ಬುಟ್ಟಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನೀರು ನಿಂತಿತು. ಮೊದಲ ಕೆಲವು ದಿನ ಅದು ಕೆರೆಯ ಹಾಗೆ ಎಷ್ಟು ಚಂದ ಇತ್ತೆಂದರೆ ಜನ ಸೇತುವೆಯ ಮೇಲೆ ನಿಂತು ಸೆಲ್ಫಿ ಹೊಡೆದರು. ಒಂದು ಬೆಳ್ಳಕ್ಕಿಯೂ ಬಂತು. ನಮ್ಮ ಬಾವಿಯಲ್ಲಿ ನೀರು ಏರಿತು. ಮಗಳಿಗೆ ಫೋನು ಮಾಡಿ "ನೀನು ಎಷ್ಟು ಬೇಕಾದ್ರೂ ಮೀಯಬಹುದು" ಎಂದು ಹೇಳಿದೆ.

ಆಮೇಲೆ ನೀರು ಹಸಿರಾಯಿತು, ಹಸಿರು ಕಪ್ಪಾಯಿತು. ಮೇಲೆ ಎಣ್ಣೆಯ ಪೊರೆ, ಅಂಚಿಗೆ ಸೋಪಿನ ನೊರೆ. ಹರಿದು ಹೋಗಿ ಹೊಳೆ ಸೇರಬೇಕಾದ ಪೇಟೆಯ ಕೊಳೆಯೆಲ್ಲ ನಮ್ಮ ಹಿತ್ತಲಲ್ಲಿ ನಿಂತಿತ್ತು. ನಿಂತದ್ದು ಇಂಗಿತು. ಇಂಗಿದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಕಟ್ಟ ತನ್ನ ಹಳೆಯ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಒಂದು ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯ ಮುಚ್ಚಳ ತೆಗೆದರೆ ಹಬೆಯ ಜೊತೆ ಆ ವಾಸನೆ ಬಂತು. ನಮ್ಮವರು ಒಂದು ತುತ್ತು ತಿಂದು ಬಟ್ಟಲು ದೂಡಿದರು. ನನ್ನ ಮೂಗಿನದ್ದು ಎಂದು ಆ ದಿನ ಹೇಳಲಿಲ್ಲ.

ಮಗಳು ಒಂದು ಶನಿವಾರ ಬಂದಳು. ಏಳನೆಯ ತಿಂಗಳ ಹೊಟ್ಟೆ. ಮಗಳಾದರೂ ಸರಿ, ಹೊರಗಿನಿಂದ ಬಂದವಳಿಗೆ ಬೆಲ್ಲ ನೀರು ಇಟ್ಟೆ. ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದ ನೀರು. ಅವಳು ಚೊಂಬನ್ನು ಬಾಯಿಯ ಹತ್ತಿರ ಒಯ್ದು, ಒಂದು ಗುಟುಕು ನುಂಗಿ, ಕೆಳಗಿಟ್ಟಳು. ಬೆಲ್ಲವನ್ನಷ್ಟೇ ಕಚ್ಚಿ ತಿಂದಳು. ಬಾಯಿಬಿಟ್ಟು ಹೇಳಿದ್ದರೆ ಒಳ್ಳೆಯದಿತ್ತು. ಎರಡು ದಿನ ಕಳೆದು ಅವಳ ಅತ್ತೆ ಫೋನು ಮಾಡಿದರು. ಬಹಳ ನಯವಾದ ಹೆಂಗಸು.

"ಅಕ್ಕ, ಬಾಣಂತನ ಇಲ್ಲಿಯೇ ಮಾಡುವ. ನೀವೇ ಬಂದು ನಿಲ್ಲಿ, ನಿಮ್ಮದೇ ಮನೆ ಅಲ್ವಾ? ನಮ್ಮ ಬಾವಿಯ ನೀರು ಒಳ್ಳೇದುಂಟು."

ಆಗಲಿ ಎಂದೆ. ಫೋನು ಇಟ್ಟು ಬಚ್ಚಲ ಒಲೆಯ ಮುಂದೆ ಹೋಗಿ ಕುಳಿತೆ. ಹಂಡೆಯನ್ನು ಹುಣಸೆ ಹಾಕಿ ಉಜ್ಜಿ ಮುಗಿಸಿಯಾಗಿತ್ತು. ಅವಮಾನ ಎಂದರೆ ಯಾರೋ ಬಯ್ಯುವುದು ಎಂದುಕೊಂಡಿದ್ದೆ. ಹಾಗಲ್ಲ. "ನಮ್ಮ ನೀರು ಒಳ್ಳೇದುಂಟು" ಎಂದು ಇನ್ನೊಬ್ಬರು ಮೆತ್ತಗೆ ಹೇಳುವುದೂ ಅವಮಾನ. ಆ ಮಾತು ಇಷ್ಟು ವರ್ಷ ನನ್ನದಾಗಿತ್ತು.

ಸಿಟ್ಟಿನಲ್ಲೇ ಹೋಟೆಲಿಗೆ ಹೋದೆ. ದಾರಿಯಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಹೋಟೆಲಿನವರು ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಕುರ್ಚಿ ಎಳೆದು ಕೊಟ್ಟರು. ನಮ್ಮವರ ಕಾಲು ಹೇಗುಂಟು ಎಂದು ಕೇಳಿದರು. ಮಗಳಿಗೆ ಎಷ್ಟು ತಿಂಗಳು ಎಂದು ಕೇಳಿದರು. ಚಾ ತರಿಸಿದರು. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ!

"ಆ ಪೈಪಿನ ನೀರು ಸ್ವಲ್ಪ..." ಎಂದೆ.

"ಗೊತ್ತುಂಟು ಅಕ್ಕ, ನೀವು ಹೇಳುವುದು ಸರಿ ಉಂಟು. ಮಳೆಗಾಲದ ಮೊದಲು ಒಂದು ವ್ಯವಸ್ಥೆ ಮಾಡಿಸ್ತೇನೆ. ಆದ್ರೆ ನನ್ನದು ಒಂದೇ ಅಲ್ಲ ನೋಡಿ, ಎಲ್ಲರದ್ದೂ ಬರ್ತದೆ."

ಅದೂ ಸುಳ್ಳಲ್ಲ. ಎಲ್ಲರದ್ದೂ ಬರುತ್ತದೆ. ಎಲ್ಲರದ್ದೂ ಆದದ್ದಕ್ಕೆ ಯಾರನ್ನು ಹಿಡಿಯುವುದು? ಎದ್ದು ಹೊರಟಾಗ ಅವರು ಮಗಳಿಗೆಂದು ಬನ್ಸಿನ ಪೊಟ್ಟಣ ಕೈಗೆ ಕೊಟ್ಟರು. ಜಗಳಕ್ಕೆ ಹೋದವಳು ಬನ್ಸ್ ಹಿಡಿದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ದಾಕ್ಷಿಣ್ಯ ಎಂಬುದನ್ನು ನಮಗೆ ಚಿಕ್ಕಂದಿನಿಂದ ಗುಣ ಎಂದು ಕಲಿಸಿದ್ದಾರೆ. ಅದು ಗುಣವಲ್ಲ, ರೋಗ. ನಮ್ಮ ತೋಡು ನಾರುವುದು ಅರ್ಧ ಕೊಳೆಯಿಂದ, ಇನ್ನರ್ಧ ದಾಕ್ಷಿಣ್ಯದಿಂದ.

ಬಳಗದ ಸಭೆಯಲ್ಲಾದರೂ ಹೇಳುವ ಎಂದು ಹೋದೆ. ಹೊರಗೆ ತುಳು ಮಾತಾಡುವ ನಾವೆಲ್ಲ ಸಭೆ ಎಂದರೆ ಪುಸ್ತಕದ ಕನ್ನಡಕ್ಕೆ ಹೋಗುತ್ತೇವೆ. ಬಹುಶಃ ಅದಕ್ಕೇ ಸಭೆಯಲ್ಲಿ ಯಾವ ಕೆಲಸವೂ ಆಗುವುದಿಲ್ಲ. ನಾನು ಎದ್ದು, ಒಂದೋ ಆ ಪೈಪುಗಳನ್ನು ಮುಚ್ಚಿಸಿ, ಇಲ್ಲವಾದರೆ ಕಟ್ಟ ಒಡೆಯಿರಿ ಎಂದೆ.

"ಕಟ್ಟ ಒಡೆಯುವುದಾ? ಪೇಪರಿನಲ್ಲಿ ಬಂದದ್ದನ್ನು?" ಎಂದರು ಅಧ್ಯಕ್ಷರು, ಪುಸ್ತಕದ ಕನ್ನಡ ಮರೆತು. "ಮುಂದಿನ ತಿಂಗಳು ದೊಡ್ಡವರೊಬ್ಬರು ಕಟ್ಟ ನೋಡ್ಲಿಕ್ಕೆ ಬರ್ತಾರೆ ಅಕ್ಕ. ಅಲ್ಲಿವರೆಗೆ ಒಮ್ಮೆ ತಡೆದುಕೊಳ್ಳಿ."

"ನನ್ನ ಮಗಳ ಹೆರಿಗೆ ತಡೆಯುವುದಿಲ್ಲ."

ಯಾರೋ ನಕ್ಕರು. ಯಾರೋ ವಂದನಾರ್ಪಣೆ ಮಾಡಿದರು.

ಅದರ ಮರುವಾರ ಒಂದು ಸಂಜೆ ಹೋಟೆಲಿನವರೇ ನಮ್ಮ ಮನೆಗೆ ಬಂದರು. ಎಷ್ಟೋ ವರ್ಷಗಳ ನಂತರ ಬಂದದ್ದು. ಜಗಲಿಯಲ್ಲಿ ಕುಳಿತು, ಕಟ್ಟ ನೋಡಲು ದೊಡ್ಡವರು ಬರುವ ದಿನ ನನಗೊಂದು ಶಾಲು ಹೊದಿಸುವುದೆಂದು ತೀರ್ಮಾನವಾಗಿದೆ, ಬಳಗದಲ್ಲಿ ಮೊದಲ ದಿನದಿಂದ ದುಡಿದ ಹೆಂಗಸು ನಾನೇ, ಬೇಡ ಎನ್ನಬಾರದು ಎಂದರು. ಶಾಲಿನ ಖರ್ಚು ಅವರದೇ ಇರಬೇಕು. ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಎರಡು ನೀರಿತ್ತು. ಒಂದು ಅಂಗಡಿಯಿಂದ ತಂದ ಕ್ಯಾನಿನದ್ದು, ನಾವು ಈಗ ಕುಡಿಯುತ್ತಿದ್ದದ್ದು. ಇನ್ನೊಂದು ಬಾವಿಯದ್ದು, ಪಾತ್ರೆಗೆಂದು ಸೇದಿಟ್ಟದ್ದು. ಎರಡನ್ನೂ ಮೂಸಿ ನೋಡಿದೆ. ಆಮೇಲೆ ಬಾವಿಯ ನೀರನ್ನೇ ಚೊಂಬಿಗೆ ಹೊಯ್ದು, ತಟ್ಟೆಯಲ್ಲಿ ಬೆಲ್ಲ ಇಟ್ಟು ತಂದು ಅವರ ಮುಂದಿಟ್ಟೆ.

ಅವರು ಬೆಲ್ಲ ಬಾಯಿಗೆ ಹಾಕಿಕೊಂಡರು. ಚೊಂಬಿನ ಕಡೆ ಕೈ ಹೋಯಿತು. ಅಷ್ಟರಲ್ಲಿ ವಾಸನೆ ಬಂದಿರಬೇಕು, ಕೈ ಅಲ್ಲೇ ನಿಂತಿತು. ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಈ ಬಾವಿಯಿಂದ ದಿನಾ ಎರಡು ಕೊಡಪಾನ ಒಯ್ದವರು!

"ನೀರು ಕುಡಿಯಿರಿ" ಎಂದೆ.

"ಈಗ ಚಾ ಕುಡಿದೇ ಬಂದದ್ದು ಅಕ್ಕ."

"ಚಾದ ಮೇಲೂ ನೀರು ಕುಡೀಬಹುದು. ಕುಡಿಯಿರಿ."

ನಮ್ಮವರು ಒಳಗಿನಿಂದ ಕೆಮ್ಮಿದರು, ಸಾಕು ಎಂಬ ಹಾಗೆ. ನನಗೆ ಸಾಕಾಗಿರಲಿಲ್ಲ.

"ಯಾಕೆ ಹೆದರ್ತೀರಿ? ಹೊರಗಿನ ನೀರಲ್ಲ ಅದು. ನಿಮ್ಮದೇ. ನಿಮ್ಮ ಪೈಪಿಂದ ಬಂದು ನನ್ನ ಬಾವಿಗೆ ಬಿದ್ದದ್ದು. ನನ್ನ ಮಗಳಿಗೆ ಮೀಯಿಸ್ಲಿಕ್ಕೆ ನಾನು ಬೇರೆಯವರ ಬಾವಿ ಹುಡುಕಿಕೊಂಡು ಹೋಗ್ಬೇಕು. ನೀವು ಒಂದು ಗುಟುಕು ಕುಡೀಲಿಕ್ಕೆ ಆಗುದಿಲ್ವಾ?"

ಅವರ ಮುಖ ಕೆಂಪಾಯಿತು. ಬೆಲ್ಲ ಇನ್ನೂ ಬಾಯಲ್ಲೇ ಇತ್ತು, ಕೆನ್ನೆ ಉಬ್ಬಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡರು. ಗೇಟಿನವರೆಗೆ ಹೋಗಿ ತಿರುಗಿ ನೋಡಿ, "ನೀವು ಹೀಗೆ ಹೇಳ್ತೀರಿ ಅಂತ ನಾನು ಎಣಿಸಿರ್ಲಿಲ್ಲ ಅಕ್ಕ" ಎಂದರು. ಅವರಿಗೆ ನಿಜವಾಗಿ ನೋವಾಗಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಬಾವಿ ಹೋದದ್ದು ನನ್ನದು, ಬೇಜಾರು ಮಾಡಿಕೊಳ್ಳುವುದು ಅವರು!

ಮರುದಿನ ಬೆಳಕು ಹರಿದ ಕೂಡಲೇ ನಾನು ಪಿಕ್ಕಾಸು ತೆಗೆದುಕೊಂಡೆ. ನಮ್ಮವರು ಏನೂ ಕೇಳದೆ ಗುದ್ದಲಿ ಹಿಡಿದು ಕುಂಟುತ್ತಾ ಹಿಂದೆ ಬಂದರು. ಅವರ ಬಗ್ಗೆ ನನಗೆ ಬೇಕಾದಷ್ಟು ದೂರುಗಳಿವೆ, ಆದರೆ ಆ ಬೆಳಿಗ್ಗೆಯ ಬಗ್ಗೆ ಒಂದೂ ಇಲ್ಲ. ಕಟ್ಟದ ನಡುವಿನ ಚೀಲಗಳನ್ನು ಕುಕ್ಕಿ ಎಳೆದೆವು. ನಾನೇ ಹೊತ್ತು ತಂದು ತುಳಿದ ಮಣ್ಣು ಗಟ್ಟಿಯಾಗಿ ಕುಳಿತಿತ್ತು, ಸುಲಭಕ್ಕೆ ಬರಲಿಲ್ಲ. ಒಂದು ಚೀಲ ಜಾರಿದ ಮೇಲೆ ಉಳಿದದ್ದನ್ನು ನೀರೇ ನೋಡಿಕೊಂಡಿತು. ಕಪ್ಪು ನೀರು ನುಗ್ಗಿದ ಸದ್ದಿಗೆ ಸೇತುವೆಯ ಮೇಲೆ ಜನ ನಿಂತರು. ಆ ನಾತವನ್ನು ಹೇಗೆ ಹೇಳುವುದು, ಒಂದು ಇಡೀ ಪೇಟೆಯ ಹೊಟ್ಟೆ ತೊಳೆಸಿದ ಹಾಗೆ ಇತ್ತು. ನನಗೆ ಮಾತ್ರ ಮೈ ಹಗುರವಾಗಿತ್ತು. ಹೋಗು, ಹೋಗು ಎಂದು ಜೋರಾಗಿಯೇ ಹೇಳಿದೆ.

ನೀರಿನ ಜೊತೆ ನಾನೂ ಹೊಳೆಯ ದಡದವರೆಗೆ ನಡೆದೆ, ಪೂರ್ತಿ ಹೋಯಿತೇ ಎಂದು ನೋಡಲು. ತೋಡು ನೇತ್ರಾವತಿಗೆ ಸೇರುವಲ್ಲಿ ಮೆಟ್ಟಿಲುಗಳಿವೆ. ಅಲ್ಲಿ ಒಬ್ಬ ಹೆಂಗಸು ಕೊಡ ಅದ್ದುತ್ತಿದ್ದಳು. ಕೆಳಗಿನ ಕೇರಿಯವಳು, ಮುಖ ಪರಿಚಯ. ಅವರ ಮನೆಯ ನಳ್ಳಿಯಲ್ಲಿ ನೀರು ಬಾರದ ದಿನ ಹೊಳೆಗೇ ಬರಬೇಕು. ಕಪ್ಪು ನೀರು ಬರುವುದನ್ನು ನೋಡಿ ಅವಳು ಕೊಡವನ್ನು ಎತ್ತಿಕೊಂಡು ಒಂದು ಮೆಟ್ಟಿಲು ಮೇಲೆ ಬಂದಳು, ಮತ್ತೊಂದು ಮೆಟ್ಟಿಲು ಬಂದಳು. ತುಂಬಿದ್ದ ನೀರನ್ನು ಚೆಲ್ಲಿದಳು. ಆಮೇಲೆ ನನ್ನನ್ನು ನೋಡಿ, ಸೆರಗನ್ನು ಮೂಗಿಗೆ ಹಿಡಿದುಕೊಂಡು, "ಚಾ ಆಯ್ತಾ ಅಕ್ಕ?" ಎಂದು ಕೇಳಿದಳು.

ಆಯಿತು ಎಂದೆ. ಆಗಿರಲಿಲ್ಲ.

ಮುಂದಿನದ್ದನ್ನು ಬರೆಯಲು ಉತ್ಸಾಹವಿಲ್ಲ. ಕಟ್ಟ ಒಡೆದವಳು ಎಂದು ಊರಿನಲ್ಲಿ ನನಗೆ ಹೆಸರಾಯಿತು. ದೊಡ್ಡವರು ಬರಲಿಲ್ಲ, ಶಾಲು ಯಾರಿಗೆ ಹೋಯಿತೋ ಗೊತ್ತಿಲ್ಲ. ಬಳಗ ಒಂದೆರಡು ಭಾನುವಾರ ಸೇರಿ ಆಮೇಲೆ ನಿಂತಿತು. ಹೋಟೆಲಿನವರು ಮಾತ್ರ ಮಾತು ಉಳಿಸಿಕೊಂಡರು. ಮಳೆಗಾಲದ ಮೊದಲು ಹೊಸ ಪೈಪು ತರಿಸಿ, ನಮ್ಮ ಹಿತ್ತಲನ್ನೂ ಕಟ್ಟ ಇದ್ದ ಜಾಗವನ್ನೂ ದಾಟಿಸಿ, ನೇರ ಹೊಳೆಯ ಅಂಚಿಗೆ ಒಯ್ದು ಬಿಟ್ಟರು. "ಅಕ್ಕನಿಗೆ ತೊಂದರೆ ಆಗಬಾರದು" ಎಂದು ಎಲ್ಲರೆದುರು ಹೇಳಿದರಂತೆ. ಎಷ್ಟು ಒಳ್ಳೆಯ ಮನುಷ್ಯ ಎಂದು ಜನ ನನಗೇ ಬಂದು ಹೇಳುತ್ತಾರೆ. ಪೈಪಿನ ಬಾಯಿ ಈಗ ಆ ಮೆಟ್ಟಿಲುಗಳ ಪಕ್ಕದಲ್ಲಿದೆ. ಯಾರಾದರೂ ಅಲ್ಲೊಂದು ದೈವದ ಬೋರ್ಡು ಹಾಕಬಹುದು.

ಮಗಳಿಗೆ ಗಂಡು ಮಗು. ಮಿಜಾರಿನಲ್ಲೇ ಬಾಣಂತನ ಆಯಿತು. ನಾನು ಹೋಗಿ ನಿಂತೆ. ಆ ಬಾವಿಯಿಂದ ಸೇದಿದೆ, ಆ ಬಚ್ಚಲಲ್ಲಿ ಬೆಂಕಿ ಹಾಕಿದೆ, ಮಗಳ ಬೆನ್ನಿಗೆ ಚೊಂಬು ಚೊಂಬು ಬಿಸಿನೀರು ಹೊಯ್ದೆ. ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ದಿನವೂ ಕೆಲಸ ಮುಗಿಸಿ ಕುಳಿತಾಗ ಅವಳ ಅತ್ತೆ ಒಂದು ಲೋಟ ತಣ್ಣನೆಯ ನೀರು ತಂದು ಕೊಡುತ್ತಿದ್ದರು. ಪಾಪ, ಏನೂ ಹೇಳುತ್ತಿರಲಿಲ್ಲ.

ಮಳೆಗಾಲ ಬಾವಿಯನ್ನು ತೊಳೆಯಿತು. ಕೆಸರು ತೆಗೆಸಿದೆವು, ಸುಣ್ಣ ಹಾಕಿಸಿದೆವು. ನವರಾತ್ರಿಯ ಹೊತ್ತಿಗೆ ನೀರು ತಳ ಕಾಣುವಷ್ಟು ತಿಳಿಯಾಯಿತು. ನಾನು ಕುಡಿದು ನೋಡಿದೆ, ವಾಸನೆ ಇರಲಿಲ್ಲ. ನಮ್ಮವರಿಗೆ ಕುಡಿಸಿದೆ, ಅವರಿಗೂ ಏನೂ ಆಗಲಿಲ್ಲ. ಮಗಳಿಗೆ ಫೋನು ಮಾಡಿ, ಮಗುವನ್ನು ಕರೆದುಕೊಂಡು ಬಾ, ಬಾವಿ ಸರಿಯಾಗಿದೆ ಎಂದೆ. "ಬರ್ತೇವೆ ಅಮ್ಮ" ಎಂದಳು.

ಬಂದರು. ಕಾರಿನಿಂದ ಮೊದಲು ಮಗಳ ತೋಳಿನಲ್ಲಿ ಮಗು ಇಳಿಯಿತು, ಆಮೇಲೆ ಬಟ್ಟೆಯ ಚೀಲ, ತೊಟ್ಟಿಲ ಹಾಸಿಗೆ. ಕೊನೆಗೆ ಅಳಿಯ ಡಿಕ್ಕಿಯಿಂದ ದೊಡ್ಡದೊಂದು ನೀರಿನ ಕ್ಯಾನು ಇಳಿಸಿ ಜಗಲಿಯ ಮೂಲೆಯಲ್ಲಿಟ್ಟರು. ಮಿಜಾರಿನ ಬಾವಿಯ ನೀರು.

"ಮಗುವಿಗೆ ಅಂತ ಅಷ್ಟೇ ಅಮ್ಮ" ಎಂದಳು ಮಗಳು. ನನ್ನ ಮುಖ ನೋಡಲಿಲ್ಲ.

ನಾನು ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ ತಂದೆ. ಚೊಂಬು ತಂದೆ, ಖಾಲಿ ಚೊಂಬು. ಬಾವಿಯ ನೀರು ತುಂಬಿಸಲು ಕೈ ಬರಲಿಲ್ಲ. ಒಂದು ವೇಳೆ ತುಂಬಿಸಿ, ಅವಳ ಕೈಯೂ ಹಾಗೆ ಅರ್ಧದಲ್ಲಿ ನಿಂತರೆ? ಚೊಂಬನ್ನು ಅವಳ ಮುಂದಿಟ್ಟೆ. ಅವಳು ಕ್ಯಾನು ಬಗ್ಗಿಸಿ ತುಂಬಿಸಿದಳು. ಬೆಲ್ಲವನ್ನು ಮುರಿದು, ಅರ್ಧ ತಾನು ಇಟ್ಟುಕೊಂಡು, ಇನ್ನರ್ಧದ ಜೊತೆ ಚೊಂಬನ್ನು ನನಗೇ ಚಾಚಿದಳು.

"ನೀನು ಮೊದಲು ಕುಡಿ ಅಮ್ಮ. ಬೆಳಿಗ್ಗೆಯಿಂದ ಓಡಾಡ್ತಾ ಇದ್ದಿ."

ನನ್ನ ಜಗಲಿಯಲ್ಲಿ, ನನ್ನ ಬಾವಿ ಎದುರಿಗೇ ಕಾಣುತ್ತಿರುವಾಗ, ಮಗಳು ನನಗೆ ಬೆಲ್ಲ ನೀರು ಕೊಟ್ಟಳು. ಬೇಡ ಎನ್ನಬೇಕೆಂದಿದ್ದೆ. ಆದರೆ ಬಾಯಾರಿತ್ತು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದೆ. ನೀರು ಒಳ್ಳೆಯದಿತ್ತು. ಸಿಟ್ಟು ಬಂದದ್ದು ಅದಕ್ಕೇ.